ಚಿಗುರಿ ಸಾಯುವ ಕಸಿ: ಸಾಗರದ ಮಿಡಿ ನರ್ಸರಿಗೆ ಹೋಗಿ ಬಂದ ಮೇಲೆ

ಜೀರಿಗೆ ವಾಸನೆಯ ಉಪ್ಪಿನಕಾಯಿ ಮಾವು ಜೀರಿಗೆ ಮಿಡಿ, ಅದರ ಕಸಿ ಕೊನೆಗೂ ಹಿಡಿದಿದೆ. ಮೊದಲ ಚಿಗುರು ಬಲಿತು ಹಸಿರಾಗಿದೆ, ಅದರ ತುದಿಯಿಂದ ಎರಡನೇ ಚಿಗುರು ಹೊರಟಿದೆ. ಮೊದಲ ಚಿಗುರು ನೋಡಿ ಖುಷಿಪಡುವುದನ್ನು ನಾನು ಎಂದೋ ಬಿಟ್ಟಿದ್ದೇನೆ. ಮಾವಿನ ಕಸಿಯಲ್ಲಿ ಮೊದಲ ಚಿಗುರು ಅಂದರೆ ಚುನಾವಣೆಗೆ ಮುಂಚಿನ ಭರವಸೆ.

ಕಸಿ ಕಟ್ಟುವ ವಿಧಾನ ಬಲ್ಲವರಿಗೆ ಗೊತ್ತಿರುವುದೇ, ಒಂದೇ ಸಾಲಿನಲ್ಲಿ ಹೇಳಿಬಿಡುತ್ತೇನೆ. ಬೇಕಾದ ಮರದ ಕಸಿಕಡ್ಡಿಯ ಬುಡವನ್ನು ಬೆಣೆಯಂತೆ ಕೊಯ್ದು, ಬೀಜದಿಂದ ಬೆಳೆದ ಬೇರುಸಸಿಯ ಸೀಳಿನಲ್ಲಿ ಕೂರಿಸುವ ಬೆಣೆ ಕಸಿ, ಪಾಲಿಥಿನ್ ಪಟ್ಟಿ, ಮೇಲೆ ಪೆಪ್ಸಿ ಕವರಿನ ಟೋಪಿ. ಅದೇ, ಮಕ್ಕಳು ಚೀಪುವ ಐಸ್ ತುಂಬುವ ಉದ್ದನೆಯ ಕವರ್. ಅದಕ್ಕಿಂತ ಒಳ್ಳೆಯ ಟೋಪಿ ಇನ್ನೂ ಯಾರೂ ಕಂಡುಹಿಡಿದಿಲ್ಲ. ಆನ್‌ಲೈನ್‌ನಲ್ಲಿ ಸಿಗುವ ದುಬಾರಿ ಕಸಿ ಟೇಪ್ ಕೂಡ ತರಿಸಿ ನೋಡಿದೆ. ಎಳೆದರೆ ಹರಿಯುತ್ತದೆ, ಎಳೆಯದಿದ್ದರೆ ಸಡಿಲವಾಗುತ್ತದೆ. ಅದೀಗ ಅಡುಗೆಮನೆಯಲ್ಲಿ ಮಸಾಲೆ ಪ್ಯಾಕೆಟ್‌ಗಳ ಬಾಯಿ ಕಟ್ಟುತ್ತಿದೆ.

ನನ್ನ ತಲೆನೋವು ಬೇರೆ ಇತ್ತು. ಕಸಿ ಕಟ್ಟಿ ಎರಡು ಮೂರು ವಾರಕ್ಕೆ ಕುಡಿ ಬಿಚ್ಚುತ್ತಿತ್ತು. ತಾಮ್ರದ ಬಣ್ಣದ ನಾಲ್ಕಾರು ಎಲೆ ಬರುತ್ತಿತ್ತು. ಟೋಪಿ ತೆಗೆಯುತ್ತಿದ್ದೆ. ಮಾರನೇ ದಿನವೋ ಅದರ ಮಾರನೇ ದಿನವೋ ಎಲೆ ಜೋತುಬೀಳುತ್ತಿತ್ತು, ವಾರದೊಳಗೆ ಕಡ್ಡಿ ಕಪ್ಪು. ಟೋಪಿ ತೆಗೆಯದೆ ಬಿಟ್ಟರೆ ಒಳಗೇ ಕೊಳೆಯುತ್ತಿತ್ತು. ಚಿಗುರದೇ ಸತ್ತರೆ ಸುಮ್ನೆ ಕಿತ್ತು ಎಸೆಯಬಹುದು. ಆಸೆ ತೋರಿಸಿ ಸಾಯುವುದಿದೆಯಲ್ಲ, ಅದು ತಲೆ ಕೆಡಿಸುತ್ತದೆ.

ಅನುಮಾನ ಬಂದಿದ್ದನ್ನೆಲ್ಲ ಬದಲಾಯಿಸಿ ನೋಡಿದೆ. ಚಾಕು ಬಿಟ್ಟು ಹೊಸ ಬ್ಲೇಡ್ ಹಿಡಿದೆ. ಶೇಡ್ ನೆಟ್ ಇನ್ನೊಂದು ಪದರ ಹಾಕಿದೆ. ಬೂಷ್ಟಿನ ಕಾಟ ಇರಬಹುದೆಂದು ಕಸಿಕಡ್ಡಿಗಳನ್ನು ಕಾರ್ಬೆಂಡಜಿಮ್ ನೀರಿನಲ್ಲಿ ಅದ್ದಿದೆ. ತುಮಕೂರಿನ ಒಣಹವೆಗೆ ಗಿಡಗಳ ಕೆಳಗೆ ಒದ್ದೆ ಗೋಣಿಚೀಲ ಹಾಸಿದೆ. ಫಲಿತಾಂಶ ಅದೇ. ಕಸಿಕಡ್ಡಿ ಕಳಿಸುತ್ತಿದ್ದ ಪುಣ್ಯಾತ್ಮನ ಮೇಲೂ ಅನುಮಾನ ಬಂತು. ಕಡ್ಡಿಗಳು ಕೊರಿಯರ್‌ನಲ್ಲಿ ಬರುವಷ್ಟರಲ್ಲಿ ಬೆಂದುಹೋಗಿರುತ್ತಿದ್ದವು. ಜೀರಿಗೆ ಮಿಡಿ ಎಂದು ಚೀಟಿ ಅಂಟಿಸಿರುತ್ತಿದ್ದ. ಅದು ಜೀರಿಗೆಯೋ ಅಲ್ಲವೋ ಅಂತ ಎಲೆ ಮುರಿದು ಮೂಸಿ ನೋಡೋಣ ಅಂದರೆ ಕಸಿಕಡ್ಡಿಯಲ್ಲಿ ಎಲೆ ಎಲ್ಲಿರುತ್ತದೆ? ವ್ಯಾಪಾರಕ್ಕೆ ಇದಕ್ಕಿಂತ ಅನುಕೂಲ ಬೇಕಾ?

ಹಾಗಾಗಿ ತಾಳಗುಪ್ಪ ರೈಲು ಹತ್ತಿ ಸಾಗರಕ್ಕೆ ಹೋದೆ. ತಾಲೂಕಿನ ಒಳಗೆ ಒಂದು ಅಡಿಕೆ ತೋಟದ ಮಗ್ಗುಲಲ್ಲಿ ಮಿಡಿ ಮಾವಿಗೆಂದೇ ಇರುವ ನರ್ಸರಿ ಇದೆ. ಬೋರ್ಡ್ ಇಲ್ಲ. ಗುಲಾಬಿ ಇಲ್ಲ, ಕ್ರೋಟನ್ ಇಲ್ಲ, ಅದೃಷ್ಟದ ಬಿದಿರು ಇಲ್ಲ. ಶೇಡ್ ನೆಟ್ ಕೆಳಗೆ ಸಾಲು ಸಾಲಾಗಿ ಕಪ್ಪು ಪ್ಲಾಸ್ಟಿಕ್ ಕೊಟ್ಟೆಗಳು, ಎಲ್ಲದರಲ್ಲೂ ಮಾವು. ನೋಡಲು ಎಲ್ಲ ಒಂದೇ ಥರ. ಅನಂತಭಟ್ಟನ ಅಪ್ಪೆ, ಮಾಳಂಜಿ, ಹಳದೋಟ, ಜೀರಿಗೆಗಳಲ್ಲೇ ಹಲವು ಬಗೆ. ಬಹುಪಾಲು ಹೆಸರುಗಳೆಲ್ಲ ಯಾವುದೋ ಮನೆತನದ್ದು, ಊರಿನದು, ಇಲ್ಲವೇ ಹಳ್ಳದ್ದು. ತಾಯಿಮರ ಎಲ್ಲಿದೆಯೋ ಆ ಹೆಸರು. ಅಪ್ಪೆ, ಅಂದರೆ ಉಪ್ಪಿನಕಾಯಿ ಮಿಡಿಯ ಮಾವಿನ ಮರಗಳು ಮೊದಲಿಂದ ಇರುವುದೇ ಅಘನಾಶಿನಿ, ಶರಾವತಿ, ವರದಾ ಥರದ ಹೊಳೆಗಳ ದಡದಲ್ಲಿ, ಅವುಗಳಿಗೆ ಸೇರುವ ಹಳ್ಳಗಳ ಅಂಚಿನಲ್ಲಿ. ಓಟೆ (ಗೊರಟು) ಹುಟ್ಟಿಸಿದರೆ ತಾಯಿಯ ಗುಣ ಬರುವ ಗ್ಯಾರಂಟಿ ಇಲ್ಲ. ಮಿಡಿಗೆ ಬೆಲೆ ಬಂದಾಗ ಕೊಂಬೆ ಕೊಂಬೆಯೇ ಕಡಿದು ಇಳಿಸುವವರಿದ್ದಾರೆ. ಅಂಥ ಮರ ಹೋದರೆ ಆ ರುಚಿಯೇ ಹೋಯಿತು. ಈ ನರ್ಸರಿಯ ಯಜಮಾನರು ಅಂಥ ಮರಗಳನ್ನು ಹುಡುಕಿಕೊಂಡು ಹೋಗಿ ಕಡ್ಡಿ ತಂದು ಉಳಿಸಿಕೊಂಡಿದ್ದಾರೆ. ಭೌಗೋಳಿಕ ಗುರುತಿನ ಜಿಐ ಟ್ಯಾಗ್ ಬಂದಿದ್ದು ಅಪ್ಪೆಮಿಡಿ ಅನ್ನುವ ಒಟ್ಟು ಹೆಸರಿಗೆ. ಹೊಳೆದಂಡೆಯ ಒಂದೊಂದು ಮರಕ್ಕೆ ಕಾವಲು ಇಂಥವರೇ.

ಇಲ್ಲಿ ಗಿಡ ಕೊಳ್ಳುವ ಕ್ರಮ ಕೇಳಿ. ಮೊದಲು ಜಗಲಿಯಲ್ಲಿ ಕೂರಿಸುತ್ತಾರೆ. ಭರಣಿಗಳು ಬರುತ್ತವೆ. ಒಂದೊಂದು ಭರಣಿಯಲ್ಲಿ ಒಂದೊಂದು ತಾಯಿಮರದ ಉಪ್ಪಿನಕಾಯಿ. ಅದನ್ನು ಕಚ್ಚಿ ನೋಡಿ, ಯಾವುದು ಬೇಕು ಹೇಳಿ, ಆಮೇಲೆ ಅದರ ಗಿಡ. ಜೊತೆಗೆ ಒಂದು ತಟ್ಟೆ ಮೊಸರನ್ನ, ಇಲ್ಲದಿದ್ದರೆ ನಾಲಿಗೆ ಸೋತುಹೋಗುತ್ತದೆ. ಕೆಲವು ಮಿಡಿ ವರ್ಷಗಳಷ್ಟು ಹಳೆಯವು, ಆದರೂ ಕಚ್ಚಿದರೆ ಕಟಕ್ ಅನ್ನುತ್ತವೆ. ಸೊನೆ ಜಾಸ್ತಿ ಇರುವ ಮಿಡಿಯೇ ಬಾಳಿಕೆ ಬರುವುದು. ಅದಕ್ಕೇ ತೊಟ್ಟು ಮುರಿಯದಂತೆ ಕೊಯ್ಯಬೇಕು ಅನ್ನುವುದು. ಯಜಮಾನರ ಮನೆಯವರು ಭರಣಿಯಿಂದ ಒಂದು ಜೀರಿಗೆ ಮಿಡಿ ಎತ್ತಿ, "ಇದು ಬೇಡ, ನಿಮ್ಮ ಕಡೆಯವರಿಗೆ ಘಾಟು ಜಾಸ್ತಿ ಆಗ್ತದೆ" ಅಂದರು. ಅದನ್ನೇ ಕೇಳಿ ತಿಂದೆ. ಆ ವಾಸನೆ ಊಟ ಮುಗಿದು ಕೈ ತೊಳೆದ ಮೇಲೂ ಬೆರಳಲ್ಲಿ ಉಳಿದಿತ್ತು.

ಆಮೇಲೆ ನೆಟ್ ಕೆಳಗೆ ಮೂಸುವ ಪಾಠ. ಯಜಮಾನರು ಎಲೆ ಮುರಿದು ಕೈಗೆ ಕೊಡುತ್ತಾರೆ, ನಾವು ಹೇಳಬೇಕು. ಜೀರಿಗೆ ಸುಲಭ, ಎಲೆಯಲ್ಲೇ ಗೊತ್ತಾಗುತ್ತದೆ. ಉಳಿದವುಗಳಲ್ಲಿ ನಾನು ಫೇಲ್. ನನ್ನ ಕೊರಿಯರ್ ಕಡ್ಡಿಗಳಲ್ಲಿ ಒಂದನ್ನು ಜೊತೆಗೆ ಒಯ್ದಿದ್ದೆ. ತೊಗಟೆ ಕೆರೆದು ಮೂಸಿದವರೇ ನಕ್ಕರು. "ಇದು ಮಾವು ಹೌದು ಮಾರಾಯ್ರೆ" ಅಂದರು. ಅಷ್ಟೇ ಅಂದರು.

ಸಮಸ್ಯೆಯ ವಿಷಯಕ್ಕೆ ಬರುತ್ತೇನೆ. ಸತ್ತ ಕಸಿಯ ಗಿಡವೊಂದನ್ನು ಕೊಟ್ಟೆ ಸಮೇತ ಚೀಲದಲ್ಲಿ ತೂರಿಸಿಕೊಂಡು ರೈಲಿನಲ್ಲಿ ತಂದಿದ್ದೆ. ಪಕ್ಕದ ಸೀಟಿನವರು ಇಡೀ ರಾತ್ರಿ ಅದನ್ನು ಅನುಮಾನದಿಂದ ನೋಡುತ್ತಿದ್ದರು. ಯಜಮಾನರು ಪಟ್ಟಿ ಬಿಚ್ಚಿದರು. ಬೆಣೆ ಹಾಗೇ ಜಾರಿ ಈಚೆ ಬಂತು, ಎಲ್ಲೂ ಅಂಟಿರಲಿಲ್ಲ. ಕೊಯ್ದ ಮುಖದ ಮೇಲೆ ಕಂದು ಪೊರೆ. ಅವರು ಕಡ್ಡಿಯನ್ನು ಎಸೆದರು. ನಾನು ಇಷ್ಟು ದಿನ ಗಮನವಿಟ್ಟು ನೋಡಿದ್ದು ಆ ಕಡ್ಡಿಯನ್ನೇ. ಅವರು ನೋಡಿದ್ದು ಕೆಳಗಿನ ಬೇರುಸಸಿಯನ್ನು. ಕಾಂಡಕ್ಕೆ ಉಗುರು ಹಾಕಿದರು, ತೊಗಟೆ ಏಳಲಿಲ್ಲ. ಆಮೇಲೆ ತಮ್ಮ ಸಾಲಿನಿಂದ ಕೆಂಪು ಚಿಗುರು ಹೊತ್ತಿದ್ದ ಒಂದು ಸಸಿ ಎತ್ತಿ ಅದರ ಎಳೆ ಕಾಂಡಕ್ಕೆ ಉಗುರು ಹಾಕಿದರು. ತೊಗಟೆ ಬಾಳೆಹಣ್ಣಿನ ಸಿಪ್ಪೆ ಬಿಟ್ಟಂತೆ ಬಿಟ್ಟುಕೊಂಡಿತು.

"ನಿಮ್ಮ ಕಡ್ಡಿ ತನ್ನ ಗಂಟು ತಾನೇ ತಿಂದು ಚಿಗುರಿದೆ. ಕೆಳಗಿನವ ಮಲಗಿದ್ದಾನೆ, ಎದ್ದೇ ಇಲ್ಲ. ಎಬ್ಬಿಸದೆ ಕಟ್ಟಿದರೆ ಆಗುವುದು ಹೀಗೇ."

ಬಿಡಿಸಿ ಹೇಳುವುದಾದರೆ ವಿಷಯ ಇಷ್ಟು. ಕಸಿಕಡ್ಡಿಯಲ್ಲಿ ಒಂದಿಷ್ಟು ನೀರು, ಒಂದಿಷ್ಟು ಆಹಾರ ಮೊದಲೇ ಇರುತ್ತದೆ. ಟೋಪಿಯೊಳಗೆ ತೇವ ಇರುವಷ್ಟು ದಿನ ಅದು ಆ ದಾಸ್ತಾನಿನಲ್ಲೇ ಎಲೆ ಬಿಡಬಲ್ಲದು. ಅಷ್ಟರಲ್ಲಿ ಕೆಳಗಿನ ಕಾಂಡದಿಂದ ಹೊಸ ಜೀವಕೋಶ ಬೆಳೆದು ಗಾಯ ತುಂಬಿ ಎರಡೂ ಬೆಸೆಯಬೇಕು. ತೊಗಟೆಯ ಕೆಳಗಿನ ಬೆಳೆಯುವ ಪದರ ಚುರುಕಾಗಿದ್ದರೆ ಬೆಸುಗೆ ಬೇಗ. ಸಸಿ ಸುಪ್ತವಾಗಿದ್ದರೆ, ಕಾಂಡ ಬಲಿತು ಗಟ್ಟಿಯಾಗಿದ್ದರೆ, ಬೆಸುಗೆ ನಿಧಾನ. ದಾಸ್ತಾನು ಮೊದಲು ಮುಗಿಯುತ್ತದೆ. ಟೋಪಿ ತೆಗೆದ ತಕ್ಷಣ ಎಲೆಯಿಂದ ನೀರು ಆರುತ್ತದೆ, ಕೆಳಗಿನಿಂದ ಬರುವುದು ಏನೂ ಇಲ್ಲ. ಈ ವಿಧಾನಕ್ಕೆ ಮೃದು ಕಾಂಡ ಕಸಿ ಅನ್ನುತ್ತಾರಲ್ಲ, ಆ ಮೃದು ಬರೀ ಕಡ್ಡಿಗಲ್ಲ, ಮುಖ್ಯವಾಗಿ ಕೆಳಗಿನ ಸಸಿಗೆ.

ನನ್ನ ಬೇರುಸಸಿ ಮಾರಿದವರ ಕಥೆ ಇಲ್ಲೇ ಹೇಳಿಬಿಡುತ್ತೇನೆ. ಆರು ತಿಂಗಳ ಸಸಿ ಅಂದಿದ್ದರು. ಯಜಮಾನರು ಕೊಟ್ಟೆ ಹರಿದು ಬೇರು ತೋರಿಸಿದರು. ತಳದಲ್ಲಿ ಬೇರು ಸುತ್ತಿ ಸುತ್ತಿ ಸಿಂಬಿಯಾಗಿತ್ತು. ಎರಡು ಮಳೆಗಾಲ ಕಂಡ ಸಸಿ. ಮಾರಾಟವಾಗದೆ ಉಳಿದಿದ್ದಕ್ಕೆ ಮೇಲೆ ಹೊಸ ಮಣ್ಣು ಹಾಕಿ ಮಾರಿದ್ದಾರೆ. ಫೋನ್ ಮಾಡಿ ಕೇಳಿದರೆ, "ದಪ್ಪ ಕಾಂಡ ಒಳ್ಳೇದಲ್ವಾ ಸರ್" ಅಂತ ನನಗೇ ಸಮಾಧಾನ.

ಊರಿಗೆ ಬಂದು ಉಳಿದ ಬೇರುಸಸಿಗಳ ತಲೆ ಕತ್ತರಿಸಿದೆ, ಕೆಳಗೆ ಒಂದಿಷ್ಟು ಎಲೆ ಬಿಟ್ಟು. ಬೇರಿನ ಸಿಂಬಿ ಬಿಡಿಸಿ ದೊಡ್ಡ ಚೀಲಕ್ಕೆ ಹಾಕಿದೆ, ನೀರು ತಪ್ಪಿಸಲಿಲ್ಲ. ಜೂನ್ ಮಳೆ ಕೂಡಿಬಂತು. ಕಾಂಡದಿಂದ ಹೊಸ ಚಿಗುರುಗಳು ಎದ್ದವು. ಒಂದನ್ನು ಮಾತ್ರ ಬಿಟ್ಟು ಮಿಕ್ಕಿದ್ದು ಚಿವುಟಿದೆ. ಅದು ಪೆನ್ಸಿಲ್ ಗಾತ್ರಕ್ಕೆ ಬಂದು, ಎಲೆ ಇನ್ನೂ ತಾಮ್ರದ ಬಣ್ಣದಲ್ಲಿ ಇರುವಾಗಲೇ ಕಸಿ. ಕಡ್ಡಿಯನ್ನೂ ಈ ಸಲ ಯಜಮಾನರ ಕ್ರಮದಲ್ಲೇ ತಯಾರು ಮಾಡಿಸಿಕೊಂಡೆ. ಮರದಲ್ಲಿರುವಾಗಲೇ ಎಲೆ ಕತ್ತರಿಸಿ ತೊಟ್ಟು ಉಳಿಸುವುದು. 8-10 ದಿನ ಬಿಟ್ಟು ಮುಟ್ಟಿದರೆ ತೊಟ್ಟು ತಾನೇ ಉದುರಬೇಕು, ಕುಡಿ ಉಬ್ಬಿರಬೇಕು ಆದರೆ ಬಿಚ್ಚಿರಬಾರದು. ಅವತ್ತು ಕೊಯ್ದು, ಒದ್ದೆ ಬಟ್ಟೆ ಸುತ್ತಿ, ರಾತ್ರಿ ರೈಲಿಗೆ ಹೊರಟವರೊಬ್ಬರ ಕೈಯಲ್ಲಿ ಕಳಿಸಿದರು. ಬೆಳಗ್ಗೆ ಕಟ್ಟಿಯಾಯಿತು. ಬೆಣೆ 4-5 ಸೆಂಟಿಮೀಟರ್ ಉದ್ದ, ಸೊನೆ ಒರೆಸಿ ತಕ್ಷಣ ಕೂರಿಸಿದೆ.

ಒಣಗಿದ್ದೂ ಇವೆ. ಬಹುಪಾಲು ನಿಂತಿವೆ. ಹಳೆಯ ಗಟ್ಟಿ ಕಾಂಡಕ್ಕೇ ಅದೇ ಕಡ್ಡಿ ಕಟ್ಟಿ ಹೋಲಿಕೆಗೆಂದು ಇಟ್ಟಿದ್ದವೆಲ್ಲ ಚಿಗುರಿದವು, ಎಲ್ಲವೂ ಸತ್ತವು. ಅವು ಸತ್ತಾಗ ಆದ ಸಂತೋಷ ಅಷ್ಟಿಷ್ಟಲ್ಲ. ಒಣ ಎಲೆ ಹಿಡಿದು ನಗುತ್ತಿದ್ದವನನ್ನು ಮನೆಯವರು ಕಿಟಕಿಯಿಂದ ನೋಡಿ ಒಳಗೆ ಹೋದರು.

ಇನ್ನು ನರ್ಸರಿಯಿಂದ ಬೇಡದ ಆಸೆಗಳೂ ಅಂಟಿಕೊಂಡು ಬಂದಿವೆ. ಬ್ರೆಜಿಲ್ ಹಿಪ್ಪಲಿಯ ಬೇರುಸಸಿಯ ಮೇಲೆ ಕಟ್ಟಿದ ಕಾಳುಮೆಣಸು ಒಂದು ಮೂಲೆಯಲ್ಲಿತ್ತು. ಆ ಹಿಪ್ಪಲಿಗೆ ಸೊರಗು ರೋಗ ಸುಲಭಕ್ಕೆ ತಾಗುವುದಿಲ್ಲ, ನೀರು ನಿಲ್ಲುವ ಜಾಗವೂ ಆದೀತು. ಆದರೆ ನೀರೇ ಇಲ್ಲದ ನಮ್ಮ ಕಡೆ ಅದನ್ನು ತಂದು ಏನು ಮಾಡುವುದು? ಬಿಟ್ಟೆ. ಮುರುಗಲು (ಕೋಕಂ) ಬಿಡಲಾಗಲಿಲ್ಲ. ಬೀಜದ ಮುರುಗಲಿನಲ್ಲಿ ಗಂಡು ಗಿಡ ಬಂದರೆ ಕಾಯಿಲ್ಲ, ಅದಕ್ಕೆ ಹೆಣ್ಣು ಮರದ ಕಸಿ. ಅಡ್ಡ ಕೊಂಬೆಯಿಂದ ಕಡ್ಡಿ ತೆಗೆದರೆ ಗಿಡ ಜೀವನಪೂರ್ತಿ ಅಡ್ಡಡ್ಡವೇ ಬೆಳೆಯುತ್ತದೆ, ನೆಟ್ಟಗಿನ ಕುಡಿಯೇ ಬೇಕು. ಅಲ್ಲಿ ಹಾಗೆ ನೆಲದ ಮೇಲೆ ಮಲಗಿಕೊಂಡು ಬೆಳೆದ ಒಂದು ಗಿಡ ಇತ್ತು. ಯಜಮಾನರು ಅದನ್ನು ಪುಕ್ಕಟೆ ಕೊಟ್ಟರು. ಕಾಂಪೌಂಡ್ ಗೋಡೆಗೆ ಒರಗಿಸಿದ್ದೇನೆ. ಕೊಯ್ಯಲು ಏಣಿ ಬೇಡ.

ಮುಂದಿನದು ಹಲಸು. ನಮ್ಮ ಜಿಲ್ಲೆಯಲ್ಲೇ, ಗುಬ್ಬಿ ತಾಲೂಕಿನ ಚೇಳೂರಿನಲ್ಲಿ ಸಿದ್ದು ಹಲಸಿನ ತಾಯಿಮರ ಇದೆ. ತಾಮ್ರಗೆಂಪು ತೊಳೆ, ಎರಡೂವರೆ ಕೆ.ಜಿ. ಆಸುಪಾಸಿನ ಹಣ್ಣು, ಒಂದು ಮನೆಗೆ ಹದ. 2017ರಲ್ಲಿ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಆ ರೈತರೊಂದಿಗೆ ಒಪ್ಪಂದ ಮಾಡಿಕೊಂಡು ಕಸಿ ಗಿಡ ಬೆಳೆಸಲು ಮುಂದಾಯಿತು. ಆ ಗಿಡ ದುಡ್ಡು ಕೊಟ್ಟೇ ತರುತ್ತೇನೆ, ಅದರ ಕಡ್ಡಿಗೆ ಕೈ ಹಾಕುವುದಿಲ್ಲ. ಕಸಿಯ ಪ್ರಯೋಗ ನಮ್ಮ ಸೋದರಮಾವನ ಹಿತ್ತಲಿನ ಹೆಸರಿಲ್ಲದ, ಕೆಂಪು ತೊಳೆಯ ಚಂದ್ರಹಲಸಿನ ಮೇಲೆ. ಬೀಜ ಹಾಕಿಯಾಗಿದೆ, ಈ ಸಲ ಬೇರುಸಸಿಯನ್ನು ಯಾರಿಂದಲೂ ಕೊಳ್ಳುವುದಿಲ್ಲ. ಹಲಸಿನ ಮೇಣ ಬ್ಲೇಡಿಗೆ ಅಂಟದಂತೆ ಕೊಬ್ಬರಿ ಎಣ್ಣೆ ಸವರಿದರೆ ಎಣ್ಣೆ ಗಾಯಕ್ಕೂ ಹೋಗುತ್ತದೆ. ಸವರದಿದ್ದರೆ ಎರಡನೇ ಕೊಯ್ತಕ್ಕೇ ಬ್ಲೇಡ್ ಕೂತುಬಿಡುತ್ತದೆ. ಒಂದೊಂದು ಕಸಿಗೆ ಒಂದೊಂದು ಹೊಸ ಬ್ಲೇಡ್ ಅಂತ ಲೆಕ್ಕ ಹಾಕಿ ಅಂಗಡಿಯಲ್ಲಿ ಇಡೀ ಡಬ್ಬಿ ಕೇಳಿದೆ. ಅಂಗಡಿಯವರು ನನ್ನ ಗಡ್ಡ ನೋಡಿ ಸುಮ್ಮನೆ ಕೊಟ್ಟರು.