ಗಾರೆ ತೆಗೆದ ಕಲ್ಲು

ಗ್ರೀಸಿನ ಥೆಸ್ಸಲೊನೀಕಿ ನಗರದಲ್ಲಿ ಮರಳಿ ದೊರೆಯುತ್ತಿರುವ ಯಹೂದಿ ಗೋರಿಕಲ್ಲುಗಳನ್ನು ದಾಖಲಿಸುವ ಕೆಲಸಕ್ಕೆ ಸೇರಿದಾಗ, ಕರ್ನಾಟಕದಲ್ಲಿ ಹಲವು ವರ್ಷ ಶಾಸನಗಳ ಪಡಿಯಚ್ಚು ತೆಗೆದು ಪಳಗಿದ ಕೈ ನನ್ನದು ಎಂಬ ಧೈರ್ಯ ನನಗಿತ್ತು. ಗುಡಿಯ ಗೋಡೆಗೋ ಮನೆಯ ಮೆಟ್ಟಿಲಿಗೋ ಸೇರಿಹೋದ ಶಾಸನಗಳನ್ನು ನಾವೆಲ್ಲ ಕಂಡವರೇ. ಆದರೆ ಇಲ್ಲಿನ ಕಲ್ಲುಗಳು ಕಾಲಕ್ರಮದಲ್ಲಿ ಚದುರಿದವಲ್ಲ.

1492ರಲ್ಲಿ ಸ್ಪೇನಿನಿಂದ ಹೊರದೂಡಲ್ಪಟ್ಟ ಯಹೂದಿಗಳು ನೆಲೆನಿಂತ ಈ ಊರಿನಲ್ಲಿ, ಕೋಟೆಗೋಡೆಯ ಪೂರ್ವಕ್ಕೆ 3 ಲಕ್ಷಕ್ಕೂ ಹೆಚ್ಚು ಗೋರಿಗಳಿದ್ದವೆಂದು ಅಂದಾಜಿಸಲಾದ ರುದ್ರಭೂಮಿಯೊಂದಿತ್ತು. ಊರು ಜರ್ಮನ್ನರ ವಶದಲ್ಲಿದ್ದ ಕಾಲದಲ್ಲಿ, 1942ರ ಡಿಸೆಂಬರ್ 6ರಂದು ಸುಮಾರು 500 ಕೂಲಿಗಳನ್ನು ಹಚ್ಚಿ ಅದನ್ನು ಕೆಡವಲು ಆರಂಭಿಸಲಾಯಿತು. ಮರುವರ್ಷದ ಮಾರ್ಚ್‌ನಿಂದ ಊರಿನ ಯಹೂದಿಗಳನ್ನೇ ರೈಲುಗಳಲ್ಲಿ ತುಂಬಿ ಆಶ್ವಿಟ್ಜ್‌ನ ನಾಜಿ ಸಾವಿನ ಶಿಬಿರಕ್ಕೆ ಸಾಗಿಸಿದರು. ಅಂದರೆ ಕಲ್ಲುಗಳು ಮಾರಾಟದ ಸರಕಾಗಿ ಊರಿಗೆಲ್ಲ ಹರಡುತ್ತಿದ್ದ ಕಾಲದಲ್ಲೇ ಅವುಗಳ ವಾರಸುದಾರರಲ್ಲಿ ಬಹುಪಾಲು ಜನ ಇಲ್ಲವಾದರು. ಆ ಅಮೃತಶಿಲೆ ಊರಿನ ಪಾದಚಾರಿ ಹಾದಿಗೆ, ಅಂಗಳಗಳಿಗೆ, ಗೋಡೆಗಳಿಗೆ, ಇಗರ್ಜಿಗಳ ದುರಸ್ತಿಗೆ ಹೋಯಿತು. ಇಂದು ಅರಿಸ್ಟಾಟಲ್ ವಿಶ್ವವಿದ್ಯಾಲಯದ ಆವರಣವಿರುವುದು ಆ ರುದ್ರಭೂಮಿಯ ನೆಲದ ಮೇಲೆಯೇ. ಹಳೆಯ ಕಟ್ಟಡ ಕೆಡವಿದಾಗ, ರಸ್ತೆ ಅಗೆದಾಗ ತುಂಡುಗಳು ಈಗಲೂ ಹೊರಬರುತ್ತವೆ.

ನಮ್ಮ ಕೈಗೆ ಬರುವುದು ಹೆಚ್ಚಾಗಿ ಎರಡು ಅಂಗೈ ಅಗಲದ ತುಂಡು. ಅದರಲ್ಲಿ ಹೆಸರು ಪೂರ್ತಿ ಸಿಗುವುದು ಅಪರೂಪ. ಹೀಬ್ರೂ ಗೋರಿಬರಹದ ಕೊನೆಯಲ್ಲಿ, ಸತ್ತವರ ಜೀವವು ಬಾಳಿನ ಗಂಟಿನಲ್ಲಿ ಕಟ್ಟಿರಲಿ ಎಂಬ ಹಾರೈಕೆಯನ್ನು ಐದೇ ಅಕ್ಷರಗಳಲ್ಲಿ ಅಡಕವಾಗಿ ಬರೆಯುವ ರೂಢಿಯಿದೆ. ಅವುಗಳಲ್ಲಿ ಎರಡು ಅಕ್ಷರ ಉಳಿದಿದ್ದರೂ ಇದು ಬರಹದ ತುದಿ ಎಂದು ಗುರುತಿಸಬಹುದು. ವರ್ಷವನ್ನೂ ಅಕ್ಷರಗಳಿಂದಲೇ ಬರೆಯುತ್ತಾರೆ: ತಾವ್ ಎಂದರೆ 400, ರೇಶ್ 200, ನೂನ್ 50, ಹೇತ್ 8, ಒಟ್ಟು 658. ಐದು ಸಾವಿರವನ್ನು ಬಿಟ್ಟು ಬರೆಯುವುದು ವಾಡಿಕೆಯಾದ್ದರಿಂದ ಅದು ಹೀಬ್ರೂ ಪಂಚಾಂಗದ 5658ನೆಯ ವರ್ಷ. ನಾವು ಶಕವರ್ಷಕ್ಕೆ 78 ಕೂಡಿಸುವಂತೆ ಈ 658ಕ್ಕೆ 1240 ಕೂಡಿಸಿದರೆ 1898 ಬರುತ್ತದೆ. ಆದರೆ ಅವರ ವರ್ಷ ಶರತ್ಕಾಲದಲ್ಲಿ ಹುಟ್ಟುವುದರಿಂದ ಮೊದಲ ಮೂರು ತಿಂಗಳ ಸಾವುಗಳು 1897ಕ್ಕೆ ಸೇರುತ್ತವೆ. ಸವೆದ ಅಕ್ಷರಗಳನ್ನು ಓದಲು ಕತ್ತಲೆ ಮಾಡಿಕೊಂಡು, ದೀಪವನ್ನು ಕಲ್ಲಿನ ಮಟ್ಟಕ್ಕೇ ಇಳಿಸಿ ಓರೆಬೆಳಕು ಬಿಡುತ್ತೇವೆ. ಹಗಲಿನಲ್ಲಿ ಬೋಳಾಗಿ ಕಂಡ ಮೈಯ ಮೇಲೆ ಆಗ ಒಂದು ಸಾಲು ಎದ್ದು ನಿಲ್ಲುವುದನ್ನು ನೋಡಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ನನ್ನ ತಪ್ಪು ನಡೆದದ್ದು ಇಂಥದೊಂದು ತುಂಡಿನ ವಿಷಯದಲ್ಲಿ. ಅದರ ಮುಂಬದಿಯಲ್ಲಿ ಒಬ್ಬ ಹೆಣ್ಣುಮಗಳ ಹೆಸರು ಸ್ಪಷ್ಟವಾಗಿತ್ತು. ಹಿಂಬದಿಗೆ ಎರಡು ಬೆರಳು ದಪ್ಪದ ಸಿಮೆಂಟ್ ಗಾರೆ ಮೆತ್ತಿಕೊಂಡಿತ್ತು. ಸಿಮೆಂಟಿನ ಲವಣ ತೇವದೊಡನೆ ಇಳಿದು ಅಮೃತಶಿಲೆಯನ್ನು ಪುಡಿಗೊಳಿಸುತ್ತದೆ ಎಂಬುದು ನಿಜ. ಅದಕ್ಕಿಂತ ಹೆಚ್ಚಾಗಿ, ಆ ಗಾರೆ ಆಕೆಗೆ ಆದ ಅವಮಾನದ ಗುರುತು ಎಂದು ನನಗನ್ನಿಸಿತ್ತು. ಎರಡು ದಿನ ಕೂತು, ಕಲ್ಲಿಗೆ ಒಂದು ಗೀರೂ ಬೀಳದಂತೆ ಸಣ್ಣ ಉಳಿಯಿಂದ ಗಾರೆಯನ್ನು ಬಿಡಿಸಿ, ಶುದ್ಧ ನೀರು ಮತ್ತು ಮೆತ್ತನೆಯ ಬ್ರಷ್‌ನಿಂದ ತೊಳೆದೆ. ಉದುರಿದ ಚೂರುಗಳನ್ನು ಕಸಕ್ಕೆ ಹಾಕಿದೆ. ಮುಂಬದಿಯ ಫೋಟೊ ಇತ್ತು, ಹಿಂಬದಿಯದು ತೆಗೆದಿರಲಿಲ್ಲ.

ಕೆಲವು ವಾರಗಳ ನಂತರ ಬಂದ ಇನ್ನೊಂದು ತುಂಡಿನಲ್ಲಿ ತಿಂಗಳೂ ವರ್ಷವೂ ಇದ್ದವು. ಅಕ್ಷರದ ಎತ್ತರ, ಅಂಚಿನ ಬಳ್ಳಿಯ ಕೆತ್ತನೆ, ಕಲ್ಲಿನ ದಪ್ಪ ಮೊದಲಿನದಕ್ಕೆ ಹೊಂದುತ್ತಿದ್ದವು. ಆದರೆ ಎರಡರ ನಡುವಿನ ಭಾಗ ಕಳೆದುಹೋಗಿದ್ದರಿಂದ ಒಡೆದ ಅಂಚುಗಳು ಕೂಡಲಿಲ್ಲ. ಈ ಎರಡನೆಯದರ ಹಿಂದಿನ ಗಾರೆಯಲ್ಲಿ ಇಟ್ಟಿಗೆಪುಡಿ ಬೆರೆತಿತ್ತು, ಹಲಗೆಯ ಅಚ್ಚು ಮೂಡಿತ್ತು. ಮೊದಲನೆಯದರ ಗಾರೆ ಉಳಿದಿದ್ದರೆ, ಎರಡೂ ಒಂದೇ ಗೋಡೆಯಿಂದ ಬಂದವೋ ಅಲ್ಲವೋ ಎಂದು ಹೋಲಿಸಿ ನೋಡಬಹುದಿತ್ತು. ಹೆಸರು ಒಂದು ಕಡೆ, ತೀರಿಕೊಂಡ ದಿನ ಇನ್ನೊಂದು ಕಡೆ ಉಳಿದವು. ಅವೆರಡನ್ನು ಒಂದುಗೂಡಿಸಬಹುದಾಗಿದ್ದ ಸಾಕ್ಷ್ಯವನ್ನು ನಾನೇ ಶ್ರದ್ಧೆಯಿಂದ ಒರೆಸಿಹಾಕಿದ್ದೆ.

ಈ ಊರಿನ ಕಲ್ಲುಗಳಿಗೆ ಒಂದಕ್ಕಿಂತ ಹೆಚ್ಚು ಬಾಳುಗಳಿವೆ ಎಂಬುದನ್ನು ನಾನು ಆಗಲೇ ತಿಳಿದಿರಬೇಕಿತ್ತು. ಯಹೂದಿಗಳ ಕಲ್ಲುಕುಟಿಗರೂ ಹಲವು ಬಾರಿ ಪ್ರಾಚೀನ ಅಮೃತಶಿಲೆಯನ್ನೇ ಮತ್ತೆ ಬಳಸಿದ್ದರಿಂದ, ಹೀಬ್ರೂ ಬರಹದ ಬೆನ್ನಿಗೆ ರೋಮನ್ ಕಾಲದ ಗ್ರೀಕ್ ಬರಹ ಸಿಗುವುದುಂಟು. ಅದನ್ನು ನಾವು ಎಷ್ಟು ಜೋಪಾನವಾಗಿ ದಾಖಲಿಸುತ್ತೇವೆ! 1942ರ ನಂತರ ಅಂಟಿದ ಗಾರೆ, ಡಾಂಬರು, ಕೊರೆದ ತೂತು ಇವೂ ಅದೇ ಜೋಪಾನಕ್ಕೆ ಅರ್ಹವಾದವು, ಏಕೆಂದರೆ ಆ ರುದ್ರಭೂಮಿಗೆ ಏನಾಯಿತು ಎಂಬುದನ್ನು ಹೇಳುವ ಬರಹ ಕಲ್ಲಿನ ಮೇಲೆ ಬೇರೆಲ್ಲೂ ಇಲ್ಲ.

ಈಗ ಯಾವುದೇ ತುಂಡು ಬಂದರೂ ನೀರು ಸೋಕಿಸುವ ಮೊದಲು ಅಳತೆಪಟ್ಟಿಯಿಟ್ಟು ಆರೂ ಮುಖಗಳ ಫೋಟೊ ತೆಗೆಯುತ್ತೇನೆ. ಸಂಖ್ಯೆಯನ್ನು ಕಲ್ಲಿನ ಮೇಲೆ ಬರೆಯದೆ ಚೀಟಿಯಲ್ಲಿ ಬರೆದು ದಾರದಿಂದ ಕಟ್ಟುತ್ತೇನೆ. ಗಾರೆಯನ್ನು ತೆಗೆಯಲೇಬೇಕಾದರೆ ಒಂದು ಚೂರನ್ನು ಅದೇ ಸಂಖ್ಯೆಯ ಡಬ್ಬಿಯಲ್ಲಿ ಇಡುತ್ತೇನೆ. ಎರಡು ತುಂಡುಗಳನ್ನು ಅಂಟಿಸಿ ಚಂದ ಮಾಡುವ ಆತುರ ನನಗೀಗ ಇಲ್ಲ. ಆ ಹೆಣ್ಣುಮಗಳ ಕಲ್ಲಿನ ದಾಖಲೆಯಲ್ಲಿ ಮರಣದ ದಿನದ ಅಂಕಣವನ್ನು ಖಾಲಿ ಬಿಟ್ಟಿದ್ದೇನೆ. ಅದರ ಪಕ್ಕದಲ್ಲಿ, ಹಿಂಬದಿಯಲ್ಲಿ ಗಾರೆಯಿತ್ತು, ಫೋಟೊ ತೆಗೆಯದೆ ಬಿಡಿಸಲಾಗಿದೆ, ಚೂರುಗಳನ್ನು ಉಳಿಸಿಲ್ಲ ಎಂದು ಬರೆದು, ಕೆಳಗೆ ನನ್ನ ಹೆಸರು ಹಾಕಿದ್ದೇನೆ.