ಹೊಸ ಟೈರ್ ಆರ್ಡರ್ ಮಾಡುವ ಮುಂಚೆ ಹಳೇ ಟೈರ್ ಓದಿ: ಸ್ಪೋರ್ಟ್ಸ್ ಕಾರ್ ಕೆಲಸದಲ್ಲಿ ಕಲಿತದ್ದು

ಸ್ಪೋರ್ಟ್ಸ್ ಕಾರ್ ತಂದವರೆಲ್ಲ ಮೊದಲು ಕೇಳುವುದು, "ಸರ್, ಯಾವ ಕಂಪನಿದು ಹಾಕಿಸಲಿ?" ಟೈರ್ ಕೆಲಸ ಮಾಡುವವರು ಆ ಪ್ರಶ್ನೆಗೆ ಕೊನೆಯಲ್ಲಿ ಉತ್ತರ ಕೊಡಬೇಕು. ಮೊದಲು ಕಾರನ್ನು ಲಿಫ್ಟ್‌ಗೆ ಹತ್ತಿಸಿ, ಹಳೇ ಟೈರ್ ಯಾಕೆ ಹೋಯಿತು ಅಂತ ನೋಡಬೇಕು. ಕಾರಣ ತಿಳಿಯದೆ ಎಷ್ಟು ದುಬಾರಿ ಟೈರ್ ಹಾಕಿದರೂ ಅದೂ ಅದೇ ದಾರಿ ಹಿಡಿಯುತ್ತದೆ. ಮಾತು ಗಾಳಿಯಲ್ಲಿ ಹೋಗದಿರಲಿ ಅಂತ ಇಲ್ಲಿ ಒಂದೇ ಕಾರನ್ನು ಇಟ್ಟುಕೊಂಡು ಹೇಳುತ್ತೇನೆ: ಪೋರ್ಷೆ 718 ಕೇಮನ್, 19 ಇಂಚಿನ ರಿಮ್. ಮುಂದೆ 235/40, ಹಿಂದೆ 265/40 (ಮೊದಲ ಸಂಖ್ಯೆ ಟೈರಿನ ಅಗಲ ಮಿ.ಮೀ.ಗಳಲ್ಲಿ, ಎರಡನೆಯದು ಆ ಅಗಲದ ಶೇಕಡಾವಾರು ಪಕ್ಕದ ಗೋಡೆಯ ಎತ್ತರ). ಎಂಜಿನ್ ಚಾಲಕನ ಬೆನ್ನ ಹಿಂದೆ, ಹಿಂದಿನ ಆಕ್ಸಲ್‌ಗಿಂತ ಸ್ವಲ್ಪ ಮುಂದೆ ಕೂತಿರುತ್ತದೆ. ಹಾಗಾಗಿ ಹಿಂದಿನ ಚಕ್ರಗಳ ಮೇಲೆ ಭಾರ ಜಾಸ್ತಿ, ಕಾರನ್ನು ತಳ್ಳುವ ಕೆಲಸವೂ ಅವುಗಳದೇ. ಮೊದಲು ಸವೆಯುವುದು ಹಿಂದಿನ ಜೋಡಿ.

ಡೆಪ್ತ್ ಗೇಜ್ ಇಟ್ಟು ಪ್ರತಿ ಟೈರಿನ ಟ್ರೆಡ್, ಅಂದರೆ ನೆಲ ಮುಟ್ಟುವ ಮೇಲ್ಮೈಯ ಸಾಲುಗಳ ಆಳವನ್ನು ಮೂರು ಕಡೆ ಅಳೆಯಿರಿ: ಒಳ ಅಂಚು, ನಡು, ಹೊರ ಅಂಚು. ಕಾರ್ ನೆಲದ ಮೇಲೆ ನಿಂತಿರುವಾಗ ಕಣ್ಣಿಗೆ ಬೀಳುವುದು ಹೊರ ಅಂಚು ಮಾತ್ರ. ಈ ಜಾತಿಯ ಕಾರುಗಳಲ್ಲಿ ಹಿಂದಿನ ಚಕ್ರಗಳು ಮೇಲ್ಭಾಗದಲ್ಲಿ ಒಳಗೆ ವಾಲಿರುತ್ತವೆ, ಅದೇ ನೆಗೆಟಿವ್ ಕ್ಯಾಂಬರ್. ಹೊರಗಡೆ ಇನ್ನೂ 4 ಮಿ.ಮೀ. ಉಳಿದಿದ್ದರೂ ಒಳ ಅಂಚಿನಲ್ಲಿ ತಂತಿ ಕಾಣಿಸುವ ಮಟ್ಟಕ್ಕೆ ಸವೆದಿರಬಹುದು. ಓನರ್ ದಿನಾ ಕಾರ್ ಒರೆಸುತ್ತಿದ್ದರೂ ಇದು ಗೊತ್ತಾಗುವುದಿಲ್ಲ.

ಒಳಗೆ ಸವೆದಿದೆ ಅಂದ ಕೂಡಲೇ ಎಲ್ಲರೂ ಕ್ಯಾಂಬರ್ ಮೇಲೆ ದೂರು ಹಾಕುತ್ತಾರೆ. ಕ್ಯಾಂಬರ್ ಒಂದೇ ಇದ್ದರೆ ಸವೆತ ನಿಧಾನ, ಮೇಲ್ಮೈ ನುಣುಪು. ಬೇಗ ತಿಂದುಹಾಕುವುದು ಟೋ, ಅಂದರೆ ಮೇಲಿಂದ ನೋಡಿದಾಗ ಚಕ್ರ ನೇರ ನಿಲ್ಲದೆ ಒಳಕ್ಕೋ ಹೊರಕ್ಕೋ ತಿರುಗಿರುವುದು. ಅಂಗೈಯನ್ನು ಟ್ರೆಡ್ ಮೇಲೆ ಅಡ್ಡಡ್ಡ ಸವರಿ ನೋಡಿ. ಒಂದು ದಿಕ್ಕಿಗೆ ನುಣ್ಣಗೆ, ವಾಪಸ್ ಬರುವಾಗ ಗರಗಸದ ಹಲ್ಲಿನ ಹಾಗೆ ಚುಚ್ಚಿದರೆ ಟೋ ತಪ್ಪಿದೆ ಅಂತಲೇ ಅರ್ಥ. ಚಕ್ರ ನೇರ ಉರುಳದೆ ಓರೆಯಾಗಿ ಉಜ್ಜಿಕೊಂಡು ಹೋಗುತ್ತಿದೆ, ಕ್ಯಾಂಬರ್ ಇರುವ ಕಡೆ ಆ ಉಜ್ಜಾಟವೆಲ್ಲ ಒಳ ಅಂಚಿಗೇ ಬೀಳುತ್ತದೆ. ಹೊಸ ಟೈರ್ ಹಾಕಿ ಟೋ ಸರಿಮಾಡದೆ ಬಿಟ್ಟರೆ ಕೆಲವೇ ಸಾವಿರ ಕಿ.ಮೀ.ಗಳಲ್ಲಿ ಮತ್ತೆ ಅದೇ ಕಥೆ. ಇಂಥ ಕಾರಿಗೆ ಮುಂದಿನ ಚಕ್ರ ಮಾತ್ರ ಅಲೈನ್‌ಮೆಂಟ್ ಮಾಡಿ ಕಳಿಸುವುದು ಅರ್ಧ ಕೆಲಸ. ನಾಲ್ಕೂ ಚಕ್ರದ ಅಲೈನ್‌ಮೆಂಟ್ ಬೇಕು, ಮೊದಲು ಹೇಗಿತ್ತು, ಆಮೇಲೆ ಹೇಗಾಯಿತು ಎಂಬ ಎರಡೂ ಅಳತೆಯ ಪ್ರಿಂಟ್ ಬೇಕು.

ಉಳಿದ ಗುರುತುಗಳು ಸುಲಭ. ನಡು ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ. ಅಲ್ಲಲ್ಲಿ ತಟ್ಟೆಯಂತೆ ಗುಂಡಿ ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಕಡೆ ನೋಡಿ.

ಬೆಂಗಳೂರಿನಂಥ ಊರಿನಲ್ಲಿ ಸ್ಪೋರ್ಟ್ಸ್ ಕಾರಿನ ಟೈರ್ ಎಷ್ಟೋ ಸಲ ಸವೆದು ಹೋಗುವುದಿಲ್ಲ, ವಯಸ್ಸಾಗಿ ಹೋಗುತ್ತದೆ. ವಾರಕ್ಕೊಮ್ಮೆ ಭಾನುವಾರ ಬೆಳಗ್ಗೆ ನಂದಿ ಬೆಟ್ಟದ ಕಡೆ ಹೋಗಿಬರುವ ಕಾರಿನ ಟ್ರೆಡ್ ಆಳ ಚೆನ್ನಾಗಿಯೇ ಇರುತ್ತದೆ, ಆದರೆ ರಬ್ಬರ್ ಗಟ್ಟಿಯಾಗಿರುತ್ತದೆ. ಟ್ರೆಡ್ ಸಾಲುಗಳ ತಳದಲ್ಲಿ ಕೂದಲೆಳೆಯಷ್ಟು ಬಿರುಕು, ಒದ್ದೆ ರಸ್ತೆಯಲ್ಲಿ ಸ್ವಲ್ಪ ಜೋರಾಗಿ ಬ್ರೇಕ್ ಒತ್ತಿದರೂ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕೆಲಸಕ್ಕೆ ಇಳಿಯುವುದು, ಇವೆರಡೂ ಅದರ ಲಕ್ಷಣ. ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ಮೇಲೆ ಡಿಒಟಿ ಅಂತ ಶುರುವಾಗುವ ತಯಾರಿಕಾ ಸಂಕೇತದ ಕೊನೆಯ ನಾಲ್ಕು ಅಂಕಿ ನೋಡಿ. 2324 ಅಂತಿದ್ದರೆ 2024ರ 23ನೇ ವಾರದಲ್ಲಿ ತಯಾರಾದದ್ದು. ಒಂದು ಕಡೆಯ ಸೈಡ್‌ವಾಲ್‌ನಲ್ಲಿ ಮಾತ್ರ ಪೂರ್ತಿ ಸಂಕೇತ ಇರುತ್ತದೆ. ಹೊರಗಡೆ ಕಾಣದಿದ್ದರೆ ಒಳಗಡೆ ಟಾರ್ಚ್ ಹಾಕಿ ಹುಡುಕಿ. ಆರು ವರ್ಷ ದಾಟಿದ ಟೈರನ್ನು, ಟ್ರೆಡ್ ಎಷ್ಟೇ ಉಳಿದಿರಲಿ, ಇಂಥ ಕಾರಿನಲ್ಲಿ ಇಟ್ಟುಕೊಳ್ಳುವುದು ಬೇಡ. ಹೊಸದು ಕೊಳ್ಳುವಾಗಲೂ ಇದೇ ಅಂಕಿ ಮುಖ್ಯ. ಬಿಲ್ ಮಾಡಿಸುವ ಮುಂಚೆ ನಾಲ್ಕೂ ಟೈರಿನ ಡೇಟ್ ಕೋಡ್ ಫೋಟೊ ತರಿಸಿಕೊಳ್ಳಿ. ಹೆಚ್ಚು ಮಾರಾಟವಾಗದ ಅಳತೆಗಳು ಗೋಡೌನಿನಲ್ಲಿ ತುಂಬ ದಿನ ಕೂತಿರುವ ಸಾಧ್ಯತೆ ಇದೆ.

ಈಗ ಅಳತೆಗೆ ಬರೋಣ. "ಹಿಂದೆ ಇನ್ನೂ ಅಗಲ ಹಾಕೋಣ, 275/35 ಸಿಗ್ತಿದೆ" ಅನ್ನುವವರು ಬಹಳ. ಇಲ್ಲಿ ಒಂದು ಲೆಕ್ಕ ಮಾಡಲೇಬೇಕು. 235/40 ಅಂದರೆ ಸೈಡ್‌ವಾಲ್ ಎತ್ತರ 235ರ ಶೇ. 40, ಅಂದರೆ 94 ಮಿ.ಮೀ. ಎರಡು ಕಡೆಯದು 188. ರಿಮ್ 19 ಇಂಚು, ಅಂದರೆ 482.6 ಮಿ.ಮೀ. ಒಟ್ಟು ವ್ಯಾಸ 670.6. ಹಿಂದಿನ 265/40ಕ್ಕೆ ಅದೇ ಲೆಕ್ಕದಲ್ಲಿ 694.6. ಅಂದರೆ ಹಿಂದಿನ ಟೈರ್ ಮುಂದಿನದಕ್ಕಿಂತ ಸುಮಾರು ಶೇ. 3.6ರಷ್ಟು ದೊಡ್ಡದು. ಎಬಿಎಸ್ ಮತ್ತು ಸ್ಟೆಬಿಲಿಟಿ ಕಂಟ್ರೋಲ್ ಕಂಪ್ಯೂಟರ್ ಈ ವ್ಯತ್ಯಾಸವನ್ನು ಸಹಜ ಎಂದೇ ಲೆಕ್ಕ ಹಾಕಿಕೊಂಡಿರುತ್ತದೆ. 275/35 ಹಾಕಿದರೆ ಹಿಂದಿನ ವ್ಯಾಸ 675.1ಕ್ಕೆ ಇಳಿಯುತ್ತದೆ, ವ್ಯತ್ಯಾಸ ಶೇ. 1ಕ್ಕಿಂತಲೂ ಕಡಿಮೆ. ನೇರ ಹೋಗುತ್ತಿದ್ದರೂ ಹಿಂದಿನ ಚಕ್ರಗಳು ಜಾಸ್ತಿ ವೇಗವಾಗಿ ತಿರುಗುತ್ತಿವೆ, ಜಾರುತ್ತಿರಬಹುದು ಅಂತ ಕಂಪ್ಯೂಟರ್‌ಗೆ ಅನಿಸುತ್ತದೆ. ಬೇಡದ ಕಡೆ ಪವರ್ ಕಡಿತ, ಎಚ್ಚರಿಕೆ ದೀಪ. ಜೊತೆಗೆ ಕಾರಿನ ಹಿಂಭಾಗ ಸುಮಾರು 10 ಮಿ.ಮೀ. ಇಳಿಯುತ್ತದೆ. ನಮ್ಮ ಹಂಪ್‌ಗಳ ಮೇಲೆ 10 ಮಿ.ಮೀ. ಸಣ್ಣದಲ್ಲ. ಅಳತೆ ಬದಲಿಸಲೇಬೇಕು ಅಂದರೆ ಮುಂದಿನ ಮತ್ತು ಹಿಂದಿನ ವ್ಯಾಸದ ಅನುಪಾತವನ್ನು ಮೂಲದ ಹತ್ತಿರ ಇಟ್ಟುಕೊಂಡು ಎರಡನ್ನೂ ಒಟ್ಟಿಗೆ ಬದಲಿಸಿ. ನನ್ನ ಸಲಹೆ ಕೇಳಿದರೆ, ರಸ್ತೆಯಲ್ಲಿ ಓಡುವ ಕಾರಿಗೆ ಮೂಲ ಅಳತೆಯೇ ಸಾಕು.

ಅಳತೆಯ ಪಕ್ಕದಲ್ಲಿರುವ ಸಂಖ್ಯೆ ಮತ್ತು ಅಕ್ಷರವನ್ನು ಯಾರೂ ಓದುವುದಿಲ್ಲ. 98 ಅಂದರೆ ಆ ಒಂದು ಟೈರ್ 750 ಕೆ.ಜಿ. ಹೊರಬಲ್ಲದು, 92 ಅಂದರೆ 630 ಕೆ.ಜಿ. ಅಕ್ಷರ ವಿ ಆದರೆ ಗಂಟೆಗೆ 240 ಕಿ.ಮೀ., ಡಬ್ಲ್ಯೂ 270, ವೈ 300. ನಾವು ಆ ವೇಗದಲ್ಲಿ ಹೋಗುವುದೇ ಇಲ್ಲವಲ್ಲ, ಕಡಿಮೆ ಅಕ್ಷರದ್ದು ಸಾಲದೇ ಅಂತ ಕೇಳುತ್ತಾರೆ. ಸಾಲದು. ಮೇಲಿನ ರೇಟಿಂಗ್‌ನ ಟೈರ್ ಒಳಗೆ ಬೇರೆ ಥರದ ಕಟ್ಟು ಇರುತ್ತದೆ. ಬಿಸಿ ತಡೆಯುವ ಶಕ್ತಿ, ತಿರುವಿನಲ್ಲಿ ಟೈರ್ ಮಡಚಿಕೊಳ್ಳದೆ ನಿಲ್ಲುವ ಗುಣ ಆ ಕಟ್ಟಿನಿಂದ ಬರುತ್ತವೆ. ಕಾರ್ ಕೈಪಿಡಿಯಲ್ಲಿರುವುದಕ್ಕಿಂತ ಕೆಳಗೆ ಇಳಿಯಬೇಡಿ. ಎಕ್ಸ್ಎಲ್ (ಎಕ್ಸ್‌ಟ್ರಾ ಲೋಡ್, ಹೆಚ್ಚು ಭಾರದ್ದು) ಎಂದಿರುವ ಟೈರ್ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆ ಇದೆ. ಅದು ಹೊರುವ ಹೆಚ್ಚಿನ ಭಾರ ಹೆಚ್ಚಿನ ಗಾಳಿಯಲ್ಲಿ ಮಾತ್ರ. ಗಾಳಿ ಅಷ್ಟೇ ಇಟ್ಟರೆ ಹೊರುವ ಶಕ್ತಿ ಮಾಮೂಲಿಯಷ್ಟೇ.

ಪೋರ್ಷೆಗೆ ಹೊಂದಿಸಿ ಪರೀಕ್ಷಿಸಿದ ಟೈರ್ ಮೇಲೆ ಎನ್0, ಎನ್1, ಎನ್2 ಎಂಬ ಗುರುತು ಇರುತ್ತದೆ. ಬಿಎಂಡಬ್ಲ್ಯೂದಕ್ಕೆ ನಕ್ಷತ್ರ, ಮರ್ಸಿಡಿಸ್‌ಗೆ ಎಂಒ. ಎನ್2 ಅಂದರೆ ಎನ್0ಗಿಂತ ಮೇಲಿನ ದರ್ಜೆ ಅಲ್ಲ, ಅದೇ ಟೈರಿನ ಮುಂದಿನ ಆವೃತ್ತಿ. ಒಂದೇ ಹೆಸರು, ಒಂದೇ ಅಳತೆ ಇದ್ದರೂ ಗುರುತು ಬೇರೆಯಾದರೆ ಒಳಗಿನ ಕಟ್ಟು ಮತ್ತು ರಬ್ಬರ್ ಮಿಶ್ರಣ ಬೇರೆ ಇರಬಹುದು. ಆದ್ದರಿಂದ ಒಂದು ಆಕ್ಸಲ್ ಮೇಲೆ ಎನ್0 ಮತ್ತು ಎನ್1 ಬೆರೆಸಬೇಡಿ.

ಭಾರತದಲ್ಲಿ ಇದು ಹೇಳಿದಷ್ಟು ಸುಲಭವಲ್ಲ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಟೈರ್ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿತು. ಲೈಸೆನ್ಸ್ ಇಲ್ಲದೆ ತರಿಸುವಂತಿಲ್ಲ, ಮಾರುವ ಟೈರ್ ಮೇಲೆ ಐಎಸ್ಐ ಮುದ್ರೆಯೂ ಕಡ್ಡಾಯ. ಬೇಕಾದ ಅಳತೆ, ಬೇಕಾದ ಗುರುತು ಎರಡೂ ಒಟ್ಟಿಗೆ ಸಿಗಲು ಕಾಯಬೇಕಾಗುತ್ತದೆ. ಟೈರ್ 3 ಮಿ.ಮೀ.ಗೆ ಬಂದಾಗಲೇ ಹುಡುಕಾಟ ಶುರುಮಾಡಿ. ಗುರುತಿನದು ಸಿಗಲೇ ಇಲ್ಲ ಅಂದರೆ, ಒಳ್ಳೆಯ ಕಂಪನಿಯ ಒಂದೇ ಮಾಡೆಲ್‌ನ ನಾಲ್ಕು ಟೈರ್ ಒಟ್ಟಿಗೆ ಹಾಕಿಸಿ. ಮುಂದೆ ಒಂದು, ಹಿಂದೆ ಇನ್ನೊಂದು ಬೆರೆಸುವುದಕ್ಕಿಂತ ಇದು ಎಷ್ಟೋ ವಾಸಿ.

ಇಷ್ಟಾದ ಮೇಲೆ ಮಾಡೆಲ್ ಆಯ್ಕೆ. ಟೈರ್ ಎಷ್ಟು ಬೇಗ ಸವೆಯುತ್ತದೆ ಎಂಬುದಕ್ಕೆ ಸೈಡ್‌ವಾಲ್ ಮೇಲಿನ ಟ್ರೆಡ್‌ವೇರ್ ಸಂಖ್ಯೆ ಒಂದು ಅಂದಾಜು ಕೊಡುತ್ತದೆ, ಸಂಖ್ಯೆ ಹೆಚ್ಚಿದ್ದರೆ ಸವೆತ ನಿಧಾನ. ಮಿಶೆಲಿನ್ ಪೈಲಟ್ ಸ್ಪೋರ್ಟ್ 4ಎಸ್ ಮೇಲೆ 300 ಇದ್ದರೆ, ಟ್ರ್ಯಾಕ್‌ಗೆ ಹತ್ತಿರವಾದ ಕಪ್ 2 ಮೇಲೆ 180. ಆದರೆ ಈ ಸಂಖ್ಯೆಯನ್ನು ಆಯಾ ಕಂಪನಿಯೇ ಪರೀಕ್ಷಿಸಿ ಕೊಟ್ಟುಕೊಳ್ಳುತ್ತದೆ. ಒಂದೇ ಕಂಪನಿಯ ಟೈರ್‌ಗಳನ್ನು ಹೋಲಿಸಲು ಸರಿ, ಬೇರೆ ಬೇರೆ ಕಂಪನಿಗಳ ನಡುವೆ ನಂಬಬೇಡಿ. ಕಪ್ 2 ಥರದ ಟೈರ್ ಬಿಸಿಯಾದ ಮೇಲೆ, ಒಣ ಟಾರಿನ ಮೇಲೆ ಅದ್ಭುತ. ಆದರೆ ಅದರ ಹೊರಬದಿಯಲ್ಲಿ ನೀರು ಹೋಗುವ ಸಾಲುಗಳು ಕಡಿಮೆ. ಜುಲೈನಲ್ಲಿ ಶಿರಾಡಿ ಅಥವಾ ಚಾರ್ಮಾಡಿ ಘಾಟಿ ಇಳಿಯುವ ಕಾರಿಗೆ ಅದು ಸರಿಯಾದ ಟೈರ್ ಅಲ್ಲ. ಅಗಲ ಟೈರ್, ಹಗುರ ಕಾರ್, ನಿಂತ ನೀರು ಸೇರಿದರೆ ಟೈರ್ ನೆಲ ಬಿಟ್ಟು ನೀರಿನ ಮೇಲೆ ತೇಲುತ್ತದೆ. ಕಾನೂನಿನ ಮಿತಿ 1.6 ಮಿ.ಮೀ. ಇರಬಹುದು, ಇಷ್ಟು ಅಗಲದ ಟೈರಿಗೆ ಮಳೆಗಾಲದ ಹೊತ್ತಿಗೆ 3 ಮಿ.ಮೀ. ಆದರೂ ಇರಲಿ. ವರ್ಷಕ್ಕೆ ಒಂದೆರಡು ಸಲ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕ್‌ಗೆ ಹೋಗುವವರಿಗೂ 300ರ ಆಸುಪಾಸಿನ ಬೇಸಿಗೆ ಟೈರೇ ನನ್ನ ಆಯ್ಕೆ. ಅದಕ್ಕಿಂತ ಹೆಚ್ಚು ಹೋಗುವವರು ಬೇರೆ ರಿಮ್ ಸೆಟ್ ಇಟ್ಟುಕೊಳ್ಳುವುದು ಒಳ್ಳೆಯದು. ಜರ್ಮನಿಯಲ್ಲೋ ನ್ಯೂಜೆರ್ಸಿಯಲ್ಲೋ ಇರುವ ಕನ್ನಡಿಗರು ಈ ಸಲಹೆಯನ್ನು ಹಾಗೇ ತೆಗೆದುಕೊಳ್ಳಬಾರದು. ಸುಮಾರು 7 ಡಿಗ್ರಿಗಿಂತ ಕೆಳಗೆ ಬೇಸಿಗೆ ಟೈರಿನ ರಬ್ಬರ್ ಬಿರುಸಾಗಿ ಹಿಡಿತ ಕಳೆದುಕೊಳ್ಳುತ್ತದೆ.

ಫಿಟ್ಟಿಂಗ್ ಕೆಟ್ಟರೆ ಮೇಲಿನದೆಲ್ಲ ವ್ಯರ್ಥ. ಬೀಡ್ (ರಿಮ್‌ಗೆ ಕೂರುವ ಟೈರಿನ ಒಳ ಅಂಚು) ಬಿಡಿಸುವಾಗ ವಾಲ್ವ್ ಇರುವ ಜಾಗದಲ್ಲಿ ಒತ್ತಬಾರದು, ಒಳಗೆ ಗಾಳಿ ಒತ್ತಡದ ಸೆನ್ಸರ್ ಇದೆ. ಕಬ್ಬಿಣದ ಲಿವರ್ ಹಾಕಿ ಎಳೆಯುವ ಅಂಗಡಿಗೆ ಈ ರಿಮ್ ಕೊಡಬೇಡಿ. ಸಹಾಯಕ ತೋಳು ಇರುವ ಮೆಷಿನ್ ಬೇಕು, ಬೀಡ್‌ಗೆ ಪೇಸ್ಟ್ ಬೇಕು, ಸೋಪಿನ ನೀರು ಬೇಡ. "ಔಟ್‌ಸೈಡ್" ಎಂದಿರುವ ಬದಿ ಹೊರಕ್ಕೆ, ಬಾಣದ ಗುರುತಿದ್ದರೆ ಕಾರ್ ಮುಂದೆ ಹೋಗುವ ದಿಕ್ಕಿಗೆ. ಬೀಡ್ ಕೂರಿಸಲು 40 ಪಿಎಸ್ಐ ದಾಟಬೇಡಿ. ಕೂರದಿದ್ದರೆ ಗಾಳಿ ಇಳಿಸಿ, ಪೇಸ್ಟ್ ಹಚ್ಚಿ ಮತ್ತೆ ಪ್ರಯತ್ನಿಸಿ. ವೀಲ್ ಬೋಲ್ಟ್‌ಗಳನ್ನು ನಕ್ಷತ್ರದ ಕ್ರಮದಲ್ಲಿ ಕೈಯಿಂದ ಹತ್ತಿಸಿ, ಟಾರ್ಕ್ ರೆಂಚ್‌ನಲ್ಲಿ 160 ನ್ಯೂಟನ್ ಮೀಟರ್‌ಗೆ ಮುಗಿಸಿ. ಏರ್ ಗನ್ನಿನಲ್ಲಿ ಕೊನೆಯ ಬಿಗಿ ಮಾಡುವುದು ಬೇಡವೇ ಬೇಡ. 100 ಕಿ.ಮೀ. ಒಳಗೆ ಇನ್ನೊಮ್ಮೆ ಟಾರ್ಕ್ ನೋಡಿ.

ಡ್ಯಾಶ್‌ಬೋರ್ಡ್ ಮೆನುವಿನಲ್ಲಿ ಹೊಸ ಟೈರಿನ ವಿಧ ಮತ್ತು ಅಳತೆ ಆರಿಸಿದ ಮೇಲೆ ಕಾರ್ ಸೆನ್ಸರ್‌ಗಳನ್ನು ಕಲಿತುಕೊಳ್ಳುತ್ತದೆ. ಗಾಳಿ ಎಷ್ಟು ಅನ್ನುವುದು ಕಾರಿನ ಮೇಲಿನ ಸ್ಟಿಕರ್‌ನಲ್ಲಿದೆ, ಟೈರ್ ಮೇಲೆ ಬರೆದಿರುವುದು ಗರಿಷ್ಠ ಮಿತಿ. ಅಳೆಯುವುದು ಟೈರ್ ತಣ್ಣಗಿರುವಾಗ. ಸುಮಾರು ಐದೂವರೆ ಡಿಗ್ರಿ ಬಿಸಿ ಏರಿದರೆ 1 ಪಿಎಸ್ಐ ಏರುತ್ತದೆ. ಮಧ್ಯಾಹ್ನ ಹೈವೇಯಲ್ಲಿ ನಿಲ್ಲಿಸಿ "ಜಾಸ್ತಿ ಇದೆ" ಅಂತ ಗಾಳಿ ಬಿಟ್ಟರೆ ಮರುದಿನ ಬೆಳಗ್ಗೆ ಟೈರ್ ಕಡಿಮೆ ಗಾಳಿಯಲ್ಲಿರುತ್ತದೆ. ನೈಟ್ರೋಜನ್‌ಗೆ ಬೇರೆ ದುಡ್ಡು ಕೊಡಬೇಕಿಲ್ಲ. ಗಾಳಿಯ ಶೇ. 78 ಅದೇ. ಕಂಪ್ರೆಸರ್‌ನಲ್ಲಿ ನೀರು ತುಂಬಿಕೊಂಡಿಲ್ಲದಿದ್ದರೆ ಸಾಕು.

ಮೊದಲ 24 ಗಂಟೆ ಜೋರು ಬ್ರೇಕ್, ಜೋರು ಆಕ್ಸಿಲರೇಟರ್ ಬೇಡ. ಪೇಸ್ಟ್ ಒಣಗುವ ಮುಂಚೆ ರಿಮ್ ಟೈರಿನೊಳಗೆ ಜಾರಬಹುದು, ಆಗ ಮಾಡಿದ ಬ್ಯಾಲೆನ್ಸಿಂಗ್ ಎಲ್ಲ ಕೆಡುತ್ತದೆ. ಅನುಮಾನವಿದ್ದರೆ ವಾಲ್ವ್ ಎದುರಿಗೆ ಟೈರ್ ಮೇಲೆ ಚಾಕ್‌ಪೀಸ್ ಗೆರೆ ಎಳೆದು ಮರುದಿನ ನೋಡಿ. ಹೊಸ ಟ್ರೆಡ್ ಮೇಲೆ ಅಚ್ಚಿನ ನುಣುಪು ಇರುತ್ತದೆ, ಅದು ಹೋಗಲು ಸುಮಾರು 200 ಕಿ.ಮೀ. ಸಮಾಧಾನವಾಗಿ ಓಡಿಸಿ, ಮಳೆಯಲ್ಲಂತೂ ವಿಶೇಷವಾಗಿ.

ಈ ಕಾರಿನಲ್ಲಿ ಸ್ಟೆಪ್ನಿ ಇಲ್ಲ, ಸೀಲೆಂಟ್ (ಪಂಕ್ಚರ್ ಮುಚ್ಚುವ ದ್ರವ) ಬಾಟಲಿ ಮತ್ತು ಸಣ್ಣ ಕಂಪ್ರೆಸರ್ ಇರುತ್ತದೆ. ಸೀಲೆಂಟ್ ಹಾಕಿದ್ದರೆ ಅಂಗಡಿಯವರಿಗೆ ಮೊದಲೇ ಹೇಳಿ, ಸೆನ್ಸರ್ ತೊಳೆಯಬೇಕಾಗುತ್ತದೆ. ರಸ್ತೆ ಬದಿಯಲ್ಲಿ ಸ್ಟ್ರಿಪ್ ತುರುಕಿದ ಪಂಕ್ಚರ್ ಮನೆ ಸೇರುವವರೆಗೆ ಮಾತ್ರ. ಗುಂಡಿಗೆ ಬಿದ್ದು ಸೈಡ್‌ವಾಲ್ ಉಬ್ಬಿದ್ದರೆ ಒಳಗಿನ ದಾರ ಕಿತ್ತಿದೆ, ಅದಕ್ಕೆ ರಿಪೇರಿ ಇಲ್ಲ. ಅಂಥ ಒಂದೇ ಟೈರ್ ಬದಲಿಸಬೇಕಾದಾಗ ಪಕ್ಕದ ಜೋಡಿಯ ಆಳ ನೋಡಿ: ಒಂದೇ ಆಕ್ಸಲ್‌ನ ಎರಡು ಟೈರ್‌ಗಳ ನಡುವೆ ಶೇ. 30ಕ್ಕಿಂತ ಹೆಚ್ಚು ವ್ಯತ್ಯಾಸ ಬರುವುದಾದರೆ ಎರಡನ್ನೂ ಬದಲಿಸಿ.