ಸುಟ್ಟ ಕಡತ, ಉಳಿದ ಪುಟ

ಇವತ್ತು ಗೆಳತಿಯೊಬ್ಬಳು ಕೇಳಿದಳು: ಫ್ರೆಂಚ್ ಕ್ರಾಂತಿ ಬಗ್ಗೆ ಇಷ್ಟೆಲ್ಲ ಹೊಸ ಪುಸ್ತಕ ಇರುವಾಗ ಹತ್ತೊಂಬತ್ತನೇ ಶತಮಾನದ ಫ್ರೆಂಚ್ ಇತಿಹಾಸಕಾರ ಜೂಲ್ ಮಿಶ್ಲೆಯನ್ನು ಯಾಕೆ ಓದಬೇಕು?

ಕಡತಗಳಿಗಾಗಿ.

ಪ್ಯಾರಿಸ್ಸಿನ ರಾಷ್ಟ್ರೀಯ ಪತ್ರಾಗಾರದ ಇತಿಹಾಸ ವಿಭಾಗಕ್ಕೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅವನೇ ಮುಖ್ಯಸ್ಥ. ಕ್ರಾಂತಿಯ ಇತಿಹಾಸ ಬರೆದದ್ದು 7 ಸಂಪುಟಗಳಲ್ಲಿ, 1847ರಿಂದ 1853ರವರೆಗೆ. ಅದಕ್ಕಾಗಿ ನಗರಸಭೆ ಕಟ್ಟಡದಲ್ಲಿದ್ದ ಕಮ್ಯೂನಿನ, ಅಂದರೆ ಕ್ರಾಂತಿಕಾಲದ ಪ್ಯಾರಿಸ್ ನಗರಾಡಳಿತದ, ನಡಾವಳಿ ಪುಸ್ತಕಗಳನ್ನೂ ನೋಡಿದ್ದ.

1871ರ ಮೇ ತಿಂಗಳಲ್ಲಿ ಆ ಕಟ್ಟಡಕ್ಕೇ ಬೆಂಕಿ ಬಿತ್ತು. ಕಡತಗಳೂ ಹೋದವು. ಅವನ ಪುಟಗಳಲ್ಲಿ ಸೇರಿದ್ದಷ್ಟು ಉಳಿಯಿತು.

ಈಗ ತೊಡಕು ಏನೆಂದರೆ, ಮಿಶ್ಲೆ ಅಡಿಟಿಪ್ಪಣಿ ಕೊಡುವುದು ತೀರ ಕಡಿಮೆ. ಕಡತದ ಮಾತು ಎಲ್ಲಿ ಮುಗಿಯಿತು, ಅವನ ಆವೇಶ ಎಲ್ಲಿ ಶುರುವಾಯಿತು, ಗೊತ್ತಾಗುವುದೇ ಇಲ್ಲ. ಶಾಸನಸಭೆಯ ಭಾಷಣವಾದರೆ ಅಂದಿನ ಅಚ್ಚಾದ ಪತ್ರಿಕೆಗಳ ಜೊತೆ ತಾಳೆ ನೋಡಬಹುದು. ಬೀದಿ, ವಾರ್ಡು, ಕಮ್ಯೂನಿನ ಸಂಗತಿ ಬಂದರೆ ನಿಧಾನವಾಗಿ ಓದಿ. ಬೇರೆಲ್ಲೂ ಸಿಗದ್ದು ಅಲ್ಲೇ ಇರಬಹುದು.

ಮೂರನೇ ನೆಪೋಲಿಯನ್‌ಗೆ ನಿಷ್ಠೆಯ ಪ್ರಮಾಣ ಮಾಡಲೊಲ್ಲದೆ 1852ರಲ್ಲಿ ಪತ್ರಾಗಾರದ ಕೆಲಸ ಕಳೆದುಕೊಂಡ. ನಾಂತ್ ಊರಿಗೆ ಹೋಗಿ, ಅಲ್ಲಿನ ಕಡತ ಬಿಚ್ಚಿ ಕೊನೆಯ ಭಾಗ ಬರೆದ. ನನಗೆ ಅವನ ಬಗ್ಗೆ ಅತ್ಯಂತ ಗೌರವ ಹುಟ್ಟಿಸುವುದು ಇದೇ.

1929ರಲ್ಲಿ ಮಾರ್ಕ್ ಬ್ಲಾಕ್ ಜೊತೆ ‘ಅನಾಲ್’ ಎಂಬ ಇತಿಹಾಸ ಪತ್ರಿಕೆ ಶುರು ಮಾಡಿದ ಇತಿಹಾಸಕಾರ ಲೂಸಿಯೆನ್ ಫೆವ್ರ್ ಕೂಡ ಮಿಶ್ಲೆಯನ್ನು ಗುರುವೆಂದೇ ಕಂಡವನು.